ಬೈದರೆ ಕಿವಿಗೆ ಬೀಳದು, ನಕ್ಕರೆ ಕುರ್ಚಿ ಅಲುಗೀತು

(ರಾಜ್ಯೋತ್ಸವದ ನಿಮಿತ್ತ ಬೆಂಗಳೂರಿನಲ್ಲಿ ನಡೆದ ಕನ್ನಡ ಯುವಕರ ಶಿಬಿರದಲ್ಲಿ ಮಾಡಿದ ಭಾಷಣದ ಬರಹ ರೂಪ)



ನನಗೆ ಕೊಟ್ಟಿರುವ ವಿಷಯ 'ಸಮಾಜ, ರಾಜಕಾರಣ ಮತ್ತು ವಿಡಂಬನೆ'. ನನ್ನನ್ನು ಬಲ್ಲ ಕೆಲವರು ಆಗಲೇ ಮುಸಿಮುಸಿ ನಗುತ್ತಿದ್ದೀರಿ. ಮೂವತ್ತು ವರ್ಷ ಗಂಟಲು ಹರಿದುಕೊಂಡು ಘೋಷಣೆ ಕೂಗಿದವನನ್ನು ಕರೆದು ನಗುವಿನ ಬಗ್ಗೆ ಮಾತಾಡು ಅಂದದ್ದೇ ಇವತ್ತಿನ ಮೊದಲ ವಿಡಂಬನೆ. ಇರಲಿ. ಗಂಟಲು ಬಿದ್ದುಹೋದ ಮೇಲೆ ಕಲಿತ ಒಂದು ಪಾಠವನ್ನೇ ನಿಮ್ಮ ಮುಂದಿಡುತ್ತೇನೆ.

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಬಡಾವಣೆಯ ಒಂದು ಬ್ಯಾಂಕಿಗೆ ನಾವು ಹದಿನೈದು ಜನ ನುಗ್ಗಿದೆವು. ಹಣ ಕಟ್ಟುವ ಚಲನ್‌ನಲ್ಲಿ ಹಿಂದಿ ಇತ್ತು, ಇಂಗ್ಲಿಷ್ ಇತ್ತು, ಕನ್ನಡ ಇರಲಿಲ್ಲ. ಒಂದು ಗಂಟೆ ಕೂಗಿದೆವು. ಮ್ಯಾನೇಜರು ಒಳಗೆ ಚಿಲಕ ಹಾಕಿಕೊಂಡರು. ಪೊಲೀಸರು ಬಂದರು, ಹೆಸರು ಬರೆದುಕೊಂಡರು, ಟೀ ಕುಡಿಸಿ ಕಳಿಸಿದರು. ಸಾಲಿನಲ್ಲಿ ನಿಂತಿದ್ದ ಕನ್ನಡದ ಜನವೇ 'ಇವರದ್ದೊಂದು ಗಲಾಟೆ, ಬೆಳಗಿನ ಕೆಲಸ ಕೆಟ್ಟಿತು' ಎಂದು ಗೊಣಗಿದರು. ಆ ಗೊಣಗಾಟ ಪೊಲೀಸರ ಲಾಠಿಗಿಂತ ಜೋರಾಗಿ ನಮಗೆ ಬಿತ್ತು.

ಮುಂದಿನ ವಾರ ನಮ್ಮ ಜೊತೆಗಿದ್ದ ಒಬ್ಬ ನಿವೃತ್ತ ಮೇಷ್ಟರು ಒಬ್ಬರೇ ಅದೇ ಬ್ಯಾಂಕಿಗೆ ಹೋದರು. ಇಂಗ್ಲಿಷ್ ಚಲನ್ನನ್ನೇ ಅಚ್ಚುಕಟ್ಟಾದ ಕನ್ನಡದಲ್ಲಿ ತುಂಬಿ ಕಿಟಕಿಯಲ್ಲಿ ಕೊಟ್ಟರು. ಒಳಗಿದ್ದ ಹುಡುಗಿ ಹೊರ ರಾಜ್ಯದವಳು, ಹೊಸದಾಗಿ ಬಂದವಳು. 'ಹಿಂದಿ ಯಾ ಇಂಗ್ಲಿಷ್' ಎಂದು ವಾಪಸು ತಳ್ಳಿದಳು. ಮೇಷ್ಟರು ಸಿಟ್ಟಾಗಲಿಲ್ಲ. ಜೇಬಿನಿಂದ ನೂರರ ನೋಟು ತೆಗೆದರು, ಕನ್ನಡಕ ಏರಿಸಿಕೊಂಡರು, ಇಡೀ ಸಾಲಿಗೆ ಕೇಳುವಂತೆ ಹೇಳಿದರು: 'ನೋಡು ತಾಯಿ, ಈ ನೋಟಿನ ಹಿಂಬದಿಯಲ್ಲಿ 15 ಭಾಷೆ ಸಾಲಾಗಿ ಬರೆದಿದ್ದಾರೆ. ಮೇಲಿನಿಂದ ನಾಲ್ಕನೆಯದು ಕನ್ನಡ. ನಿಮ್ಮ ಬ್ಯಾಂಕಿಗೆ ಕನ್ನಡ ಆಗಿಬರೋದಿಲ್ಲ ಅಂದರೆ ಒಂದು ಕತ್ತರಿ ಕೊಡು. ನನ್ನ ಸಾಲು ನಾನು ಕತ್ತರಿಸಿಕೊಂಡು ಮನೆಗೆ ತಗೊಂಡು ಹೋಗ್ತೀನಿ. ಮಿಕ್ಕ ನೋಟು ನೀವೇ ಇಟ್ಕೊಳ್ಳಿ.'

ಸಾಲೆಲ್ಲ ಘೊಳ್ಳೆಂದಿತು. ಹೋದ ವಾರ ನಮ್ಮನ್ನು ಬೈದ ಜನವೇ ಇವತ್ತು ಮೇಷ್ಟರ ಕಡೆ. ಆ ಹುಡುಗಿ ಪಕ್ಕದವರಿಂದ ಅರ್ಥ ಕೇಳಿ ತಾನೂ ನಕ್ಕಳು. ಏನಾಯಿತೆಂದು ಮ್ಯಾನೇಜರು ಹೊರಗೆ ಬಂದರು. ಮೇಷ್ಟರು ಚೀಲದಿಂದ ಅರ್ಜಿ ತೆಗೆದು, ಸಾಲಿನಲ್ಲಿದ್ದ ಒಬ್ಬೊಬ್ಬರಿಂದಲೂ ಅಲ್ಲೇ ಸಹಿ ಹಾಕಿಸಿ ಅವರ ಕೈಗಿಟ್ಟರು. ಕನ್ನಡದ ಚಲನ್ ಬಂತು. ಬಂದದ್ದು ಒಂದೇ ಕಟ್ಟು, ಅದೂ ಮೂರು ತಿಂಗಳ ಮೇಲೆ. ಆದರೆ ಬಂತು.

ನಾವು ಹದಿನೈದು ಜನ ಒಂದು ಗಂಟೆ ಕೂಗಿ ಮಾಡಲಾಗದ್ದನ್ನು ಮೇಷ್ಟರು ಒಂದು ಕತ್ತರಿ ಕೇಳಿ ಮಾಡಿದರು. ವಿಡಂಬನೆ ಅಂದರೆ ಅದು.

ಸಾರಥಿ ಕೇಳುವ ಪ್ರಶ್ನೆ

ಬೈಗುಳಕ್ಕೂ ವಿಡಂಬನೆಗೂ ಏನು ವ್ಯತ್ಯಾಸ? ಬೈದಾಗ ನಮ್ಮ ಸಿಟ್ಟು ಮಾತ್ರ ಕಾಣುತ್ತದೆ. ವಿಡಂಬನೆ ಮಾಡಿದಾಗ ಎದುರಿನವರ ಅನ್ಯಾಯ ಕಾಣುತ್ತದೆ. ಬೈಸಿಕೊಂಡವನು ತಿರುಗಿ ಬೈಯಬಹುದು, ಪೊಲೀಸರನ್ನು ಕರೆಯಬಹುದು. ನಗೆಗೆ ಗುರಿಯಾದವನು ಏನು ಮಾಡಿಯಾನು? ಸಿಟ್ಟಾದರೆ ಇನ್ನಷ್ಟು ನಗುತ್ತಾರೆ, ಸುಮ್ಮನಿದ್ದರೆ ಒಪ್ಪಿಕೊಂಡಂತೆ.

ಇದನ್ನು ನಮ್ಮ ಹಳ್ಳಿಯ ಆಟದವರು ಯಾವ ಕಾಲದಲ್ಲೋ ಕಂಡುಕೊಂಡಿದ್ದರು. ದೊಡ್ಡಾಟ ನೋಡಿದವರು ಇಲ್ಲಿ ಎಷ್ಟು ಜನ ಇದ್ದೀರೋ ಗೊತ್ತಿಲ್ಲ. ಭುಜಕೀರ್ತಿ, ಕಿರೀಟ ಕಟ್ಟಿಕೊಂಡು ರಾಜ ರಂಗವೇ ಅದುರುವಂತೆ ಕುಣಿಯುತ್ತ ಬರುತ್ತಾನೆ. ಬಂದ ತಕ್ಷಣ ಸಾರಥಿ ಅವನನ್ನು ನಿಲ್ಲಿಸಿ ಕೇಳುತ್ತಾನೆ: ನೀವು ಯಾರು, ಯಾವ ಊರು, ಇಲ್ಲಿಗೆ ಬಂದ ಕಾರಣವೇನು? ಮೂರು ಲೋಕ ಗೆದ್ದವನೂ ಮೈಮೇಲೆ ಜರತಾರಿ ಇಲ್ಲದ ಆ ಸಾರಥಿಗೆ ತನ್ನ ಹೆಸರು, ಊರು, ಬಂದ ಕೆಲಸ ಒಪ್ಪಿಸಬೇಕು. ಒಪ್ಪಿಸದೆ ಆಟ ಮುಂದಕ್ಕೆ ಹೋಗುವುದಿಲ್ಲ. ಕರಾವಳಿಯ ಯಕ್ಷಗಾನದಲ್ಲಿ ಈ ಕೆಲಸ ಹಾಸ್ಯಗಾರನದು. ದೂತನಾಗಿಯೋ ಬಾಗಿಲು ಕಾಯುವವನಾಗಿಯೋ ಬಂದು ದೊರೆಯ ಎದುರೇ ಊರಿನ ಸುದ್ದಿ, ಪಂಚಾಯಿತಿಯ ಸುದ್ದಿ ಎಲ್ಲ ಆಡಿ ಮುಗಿಸುತ್ತಾನೆ.

ಗೆಳೆಯರೇ, 'ಯಾರಪ್ಪಾ ನೀನು, ಯಾಕೆ ಬಂದೆ?' ಎಂದು ಕುರ್ಚಿಯನ್ನು ಕೇಳುವುದೇ ವಿಡಂಬನೆಯ ಕಸುಬು. ಈ ಪ್ರಶ್ನೆ ಕೇಳುವ ಹಕ್ಕು ಸಾರಥಿಗೆ ಇರುವ ತನಕ ಆಟ ಜೀವಂತ. ಸಾರಥಿಯ ಬಾಯಿ ಮುಚ್ಚಿಸಿದ ದಿನ ಉಳಿಯುವುದು ರಾಜನ ಕುಣಿತ ಮಾತ್ರ.

ನಮ್ಮ ಭಾಷೆಯ ಬೇರೇ ಈ ಪ್ರಶ್ನೆಯಲ್ಲಿದೆ. 12ನೇ ಶತಮಾನದ ಶರಣರು ದೇವರ ಹೆಸರಿನ ಬೂಟಾಟಿಕೆಯನ್ನು ಆಡುಮಾತಿನಲ್ಲಿ ಬಯಲಿಗೆಳೆದರು. ಕಲ್ಲಿನ ಹಾವಿಗೆ ಒಂದು ನ್ಯಾಯ, ಜೀವ ಇರುವ ಹಾವಿಗೆ ಇನ್ನೊಂದು ನ್ಯಾಯ ಏಕೆ ಎಂದು ಬಸವಣ್ಣ ಕೇಳಿದಾಗ ಉತ್ತರ ಕೊಡಲು ಯಾವ ಪಂಡಿತನಿಗೂ ಆಗಲಿಲ್ಲ. ಪುರಂದರದಾಸರು ಹೊಟ್ಟೆಪಾಡಿನ ಸನ್ಯಾಸವನ್ನು ಹಾಡಿ ನಗಾಡಿದರು. ಸರ್ವಜ್ಞ ಮೂರೇ ಸಾಲಿನಲ್ಲಿ ಜಾತಿಯ ಜಂಬಕ್ಕೆ ಸೂಜಿ ಚುಚ್ಚಿದ. ಇವರೆಲ್ಲ ಸಂಸ್ಕೃತದ ಮುಂದೆ ಕನ್ನಡ ಕೈಕಟ್ಟಿ ನಿಲ್ಲಬೇಕಾಗಿಲ್ಲ ಎಂದು ಭಾಷಣ ಮಾಡಲಿಲ್ಲ. ದೊಡ್ಡವರನ್ನು ಕನ್ನಡದಲ್ಲಿ ಪ್ರಶ್ನಿಸಿ ತೋರಿಸಿದರು. ಕುರ್ಚಿಯಲ್ಲಿ ಕುಳಿತವರನ್ನು ಯಾವ ಭಾಷೆಯಲ್ಲಿ ನಗಾಡಲು ಬರುತ್ತದೋ ಆ ಭಾಷೆಗೆ ಸಾವಿಲ್ಲ.

ನಗಿಸಿದವರು ಯಾವ ಮನೆಯವರು?

ಹೊಸ ಕಾಲದ ಕನ್ನಡದ ನಗೆಗೆ ಪಾಯ ಹಾಕಿದ್ದು ಯಾರು ಎಂದು ನಿಮ್ಮನ್ನು ಕೇಳಿದರೆ ಮೊದಲು ಟಿ.ಪಿ. ಕೈಲಾಸಂ ಹೆಸರು ಹೇಳುತ್ತೀರಿ. ಲಂಡನ್ನಿಗೆ ಹೋಗಿ ಭೂಗರ್ಭಶಾಸ್ತ್ರ ಓದಿಬಂದ ಮನುಷ್ಯ. ಮಾಡಿದ್ದು ಮಾತ್ರ ನಾಟಕ. ಹಳೇ ಮೈಸೂರಿನ ಮಧ್ಯಮ ವರ್ಗ ಆಗ ಅರ್ಧ ಇಂಗ್ಲಿಷ್, ಅರ್ಧ ಕನ್ನಡ ಕಲಸಿ ಮಾತಾಡುವುದನ್ನೇ ದೊಡ್ಡಸ್ತಿಕೆ ಎಂದುಕೊಂಡಿತ್ತು. ಕೈಲಾಸಂ ಆ ಕಲಸುಮೇಲೋಗರವನ್ನು ಹಾಗೆ ಹಾಗೇ ಎತ್ತಿ ರಂಗದ ಮೇಲಿಟ್ಟರು. ತಮ್ಮ ಮಾತನ್ನು ಪಾತ್ರಗಳ ಬಾಯಲ್ಲಿ ಕೇಳಿ ಜನ ಬಿದ್ದು ಬಿದ್ದು ನಕ್ಕರು, ನಕ್ಕ ಮೇಲೆ ನಾಚಿಕೊಂಡರು. 'ಟೊಳ್ಳು ಗಟ್ಟಿ' ನಾಟಕದಲ್ಲಿ ಪರೀಕ್ಷೆ ಪಾಸು ಮಾಡುವ ಮಗನನ್ನು ತಲೆ ಮೇಲೆ ಹೊತ್ತ ಅಪ್ಪನಿಗೆ, ಮನೆಗೆ ಬೆಂಕಿ ಬಿದ್ದಾಗ ಕೈಗೆ ಒದಗುವವನು ದಡ್ಡನೆಂದು ಬೈಸಿಕೊಂಡ ಇನ್ನೊಬ್ಬ ಮಗ. ಅಂಕಪಟ್ಟಿಯ ಹಿಂದೆ ಓಡುವ ನಮ್ಮ ಬೆಂಗಳೂರಿಗೆ ಆ ನಾಟಕ ನಿನ್ನೆ ಬರೆದಂತಿದೆ.

ಎರಡನೆಯವರು ನಾ. ಕಸ್ತೂರಿ. 'ಅನರ್ಥಕೋಶ' ಬರೆದವರು. ಪದಕ್ಕೆ ನಿಘಂಟು ಕೊಡುವ ಮರ್ಯಾದಸ್ಥ ಅರ್ಥ ಬಿಟ್ಟು, ಸಮಾಜ ಆ ಪದವನ್ನು ಹೇಗೆ ಕೆಡಿಸಿದೆಯೋ ಆ ಅರ್ಥ ಕೊಟ್ಟವರು. ಮೂರನೆಯವರು ಡಾ. ಎಂ. ಶಿವರಾಂ, ಅಂದರೆ ರಾಶಿ. ಬೆಂಗಳೂರಿನಲ್ಲಿ ವೈದ್ಯರು. ರೋಗಿಗಳ ನಾಡಿ ಹಿಡಿಯುವ ಕೈಯಲ್ಲೇ 1942ರಲ್ಲಿ 'ಕೊರವಂಜಿ' ಮಾಸಪತ್ರಿಕೆ ಶುರು ಮಾಡಿ 1967ರವರೆಗೆ ನಡೆಸಿದರು. ಮಹಾಯುದ್ಧ, ರೇಷನ್ನು, ಕಾಳಸಂತೆ, ಸ್ವಾತಂತ್ರ್ಯ, ಹೊಸ ಮಂತ್ರಿಗಳು, ಹಳೇ ಗುಮಾಸ್ತರು, ಯಾವುದನ್ನೂ ಕೊರವಂಜಿ ಬಿಡಲಿಲ್ಲ. ಟಿ. ಸುನಂದಮ್ಮನವರು ಹೆಂಗಸರ ಕಣ್ಣಿನಿಂದ ಮನೆಯ ಗಂಡಸರನ್ನು ನೋಡಿ ಬರೆದದ್ದು ಅಲ್ಲೇ. ಮುಂದೆ ಇಡೀ ದೇಶಕ್ಕೆ 'ಶ್ರೀಸಾಮಾನ್ಯ'ನನ್ನು ಬರೆದುಕೊಟ್ಟ ಮೈಸೂರಿನ ಆರ್.ಕೆ. ಲಕ್ಷ್ಮಣ್ ಎಳೆಯ ವಯಸ್ಸಿನಲ್ಲಿ ವ್ಯಂಗ್ಯಚಿತ್ರ ಬರೆದದ್ದೂ ಕೊರವಂಜಿಗೆ.

ಈಗ ಒಂದು ಮಾತು ಗಮನಿಸಿ. ಕೈಲಾಸಂ ಅವರ ಮನೆಮಾತು ತಮಿಳು. ಕಸ್ತೂರಿಯವರು ಹುಟ್ಟಿದ್ದು ಕೇರಳದಲ್ಲಿ, ಮನೆಮಾತು ಮಲಯಾಳ. ಮೈಸೂರು ಸೀಮೆಗೆ ಕೆಲಸಕ್ಕೆ ಬಂದು ಕನ್ನಡ ಕಲಿತವರು. ಬರಿಯ ವ್ಯವಹಾರಕ್ಕೆ ಬೇಕಾದಷ್ಟು ಕಲಿತದ್ದಲ್ಲ, ಕನ್ನಡಿಗರ ಪಕ್ಕೆ ಹಿಡಿದುಕೊಂಡು ನಗುವಷ್ಟು ಕಲಿತರು. ಒಂದು ಭಾಷೆಯಲ್ಲಿ ಕೊನೆಗೆ ಬರುವ ವಿದ್ಯೆ ನಗಿಸುವುದು. ಅದು ಬಂದವನನ್ನು ಹೊರಗಿನವನು ಎನ್ನಲು ಯಾರಿಗೂ ಹಕ್ಕಿಲ್ಲ. ವಲಸೆ ಬಂದವರ ಬಗ್ಗೆ ನಾವು ಮಾತಾಡುವಾಗ ಈ ಎರಡು ಹೆಸರು ನಾಲಿಗೆಯ ತುದಿಯಲ್ಲಿ ಇರಲಿ.

ನಾಲ್ಕನೆಯವರು ಬೀಚಿ. ಹರಪನಹಳ್ಳಿಯ ರಾಯಸಂ ಭೀಮಸೇನರಾಯರು. ಪೊಲೀಸ್ ಇಲಾಖೆಯಲ್ಲಿ ನೌಕರಿ. ಮನೆಯಲ್ಲಿ ಕನ್ನಡವೇ ಆದರೂ ಕನ್ನಡದಲ್ಲಿ ಓದಲು ಏನಿದೆ ಎಂಬ ತಾತ್ಸಾರ. ಓದುವುದೆಲ್ಲ ಇಂಗ್ಲಿಷ್. ಅನಕೃ ಅವರ 'ಸಂಧ್ಯಾರಾಗ' ಕಾದಂಬರಿ ಕೈಗೆ ಬಿದ್ದು, ಓದಿ, ಆ ತಾತ್ಸಾರ ಕರಗಿತು. ಆಮೇಲೆ ತಿಮ್ಮನನ್ನು ಸೃಷ್ಟಿಸಿ ಕನ್ನಡದ ಮನೆಮನೆಗೆ ಕಳಿಸಿದರು. ತಮ್ಮ ಆತ್ಮಕಥೆಗೇ 'ನನ್ನ ಭಯಾಗ್ರಫಿ' ಎಂದು ಹೆಸರಿಟ್ಟು ಮೊದಲು ತಮ್ಮನ್ನೇ ನಗಾಡಿಕೊಂಡರು. 1960ರ ದಶಕದಲ್ಲಿ ಮ. ರಾಮಮೂರ್ತಿಯವರ ಜೊತೆ ಬೆಂಗಳೂರಿನ ಬೀದಿಯಲ್ಲಿ ಕನ್ನಡ ಚಳವಳಿ ಕಟ್ಟಿದ ಅನಕೃ ಒಂದು ಕಡೆ, ಅವರ ಪುಸ್ತಕ ಓದಿ ಕನ್ನಡಕ್ಕೆ ಬಂದ ಬೀಚಿ ಇನ್ನೊಂದು ಕಡೆ. ಚಳವಳಿಗೂ ವಿಡಂಬನೆಗೂ ನಮ್ಮಲ್ಲಿ ಇಷ್ಟು ಹತ್ತಿರದ ನಂಟು. ಈ ನಂಟನ್ನು ನಾವೇ ಮರೆತೆವು.

ಕುರ್ಚಿಗೆ ಕಚಗುಳಿ

1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಬಂತು. ಪತ್ರಿಕೆಗಳ ಮೇಲೆ ಸೆನ್ಸಾರ್ ಬಂತು. ನೆಹರೂ ಅವರೇ ತಮ್ಮನ್ನೂ ಬಿಡಬೇಡಿ ಎಂದು ಹುರಿದುಂಬಿಸಿದ್ದ ದೆಹಲಿಯ 'ಶಂಕರ್ಸ್ ವೀಕ್ಲಿ' ವ್ಯಂಗ್ಯಚಿತ್ರ ಪತ್ರಿಕೆ, ಅವರ ಮಗಳ ಆಡಳಿತದಲ್ಲಿ, ಅದೇ ವರ್ಷದ ಆಗಸ್ಟ್‌ನಲ್ಲಿ ಬಾಗಿಲು ಮುಚ್ಚಿತು. ಆದರೂ ನಗು ಸಾಯಲಿಲ್ಲ. ಡಿಸೆಂಬರ್‌ನಲ್ಲಿ ಅಬು ಅಬ್ರಹಾಂ, ರಾಷ್ಟ್ರಪತಿಗಳು ಸ್ನಾನದ ತೊಟ್ಟಿಯಲ್ಲಿ ಕುಳಿತೇ ಸುಗ್ರೀವಾಜ್ಞೆಗೆ ಸಹಿ ಹಾಕುವ ಚಿತ್ರ ಬರೆದರು. ಆ ಇಪ್ಪತ್ತೊಂದು ತಿಂಗಳ ಬಗ್ಗೆ ಎಷ್ಟೋ ಗ್ರಂಥ ಬಂದಿವೆ. ಜನರ ಕಣ್ಣಿನಲ್ಲಿ ಉಳಿದದ್ದು ಆ ತೊಟ್ಟಿ. ಇತ್ತ ಧಾರವಾಡದಲ್ಲಿ 'ಸಂಕ್ರಮಣ' ಪತ್ರಿಕೆಯ ಚಂದ್ರಶೇಖರ ಪಾಟೀಲ, ನಮ್ಮ ಚಂಪಾ, ಅದೇ ಕಾಲದಲ್ಲಿ ಜೈಲಿಗೂ ಹೋಗಿಬಂದರು. ಇಂಗ್ಲಿಷ್ ಪಾಠ ಮಾಡುವ ಮೇಷ್ಟರು, ಬರೆಯುವುದು ಕನ್ನಡ. ಬಂಡಾಯದಲ್ಲೂ ಇದ್ದರು, ಗೋಕಾಕ್ ಚಳವಳಿಯಲ್ಲೂ ಇದ್ದರು. ಎಲ್ಲಿದ್ದರೂ ನಾಲಿಗೆಯ ಮೊನೆ ಮಾತ್ರ ಮೊಂಡಾಗಲಿಲ್ಲ.

1980ರಲ್ಲಿ ಇನ್ನೊಬ್ಬ ಇಂಗ್ಲಿಷ್ ಮೇಷ್ಟರು ಕೆಲಸ ಬಿಟ್ಟು ವಾರಪತ್ರಿಕೆ ತೆಗೆದರು. ಜಾಹೀರಾತು ಬೇಡ ಎಂದರು. ಓದುಗ ಕೊಡುವ ಕಾಸಿನಿಂದಲೇ ಪತ್ರಿಕೆ ನಡೆಯಬೇಕು ಎಂದರು. ಲಂಕೇಶರ ಮಾತು ಹೇಳುತ್ತಿದ್ದೇನೆ ಎಂದು ಗೊತ್ತಾಯಿತಲ್ಲ. ಆ ಪತ್ರಿಕೆ ಮುಖ್ಯಮಂತ್ರಿ ಗುಂಡೂರಾಯರ ಹೆಸರನ್ನು ಕತ್ತರಿಸಿ 'ಗುಂ' ಎಂದು ಬರೆಯಿತು. ಒಂದೇ ಅಕ್ಷರ! ಕೆಂಪು ದೀಪದ ಕಾರು, ಹಿಂದೆ ಮುಂದೆ ಬೆಂಗಾವಲು, ನೂರು ಹಾರ, ಎಲ್ಲದರ ಗಾಳಿಯನ್ನೂ ಒಂದು ಅಕ್ಷರ ತೆಗೆದುಬಿಟ್ಟಿತು. 1982ರಲ್ಲಿ ಗೋಕಾಕ್ ಚಳವಳಿಗೆ ರಾಜ್‌ಕುಮಾರ್ ಇಳಿದರು, ಊರೂರು ಎದ್ದಿತು. ಅದಕ್ಕೆ ಮೊದಲು, 1980ರಲ್ಲಿ, ನರಗುಂದ ನವಲಗುಂದದಲ್ಲಿ ರೈತರ ಮೇಲೆ ಗುಂಡು ಹಾರಿತ್ತು. 1983ರ ಜನವರಿಯ ಚುನಾವಣೆಯಲ್ಲಿ ಆ ಸರ್ಕಾರ ಬಿತ್ತು. ಬೀಳಿಸಿದ್ದು ರೈತರ ಸಿಟ್ಟು, ಕನ್ನಡಿಗರ ಸಿಟ್ಟು. ಆದರೆ ಅಧಿಕಾರದ ಭಯವನ್ನು ಜನರ ಎದೆಯಿಂದ ಮೊದಲು ತೆಗೆದದ್ದು ಪ್ರತಿ ವಾರದ ಆ ನಗು. ಹೆದರಿದ ಜನ ಮತ ಹಾಕುತ್ತಾರೆ, ನಕ್ಕ ಜನ ತೀರ್ಪು ಕೊಡುತ್ತಾರೆ.

ರಂಗದ ಮೇಲೆ ಮಾಸ್ಟರ್ ಹಿರಣ್ಣಯ್ಯ ಇದ್ದರು. 'ಲಂಚಾವತಾರ' ಎಷ್ಟು ಸಾವಿರ ಸಲ ಆಡಿದರೋ ಲೆಕ್ಕ ಇಟ್ಟವರು ಇಟ್ಟುಕೊಳ್ಳಲಿ. ಬೆಳಗಿನ ಪೇಪರಿನ ಸುದ್ದಿ ಸಂಜೆ ಅವರ ಮಾತಿನೊಳಗೆ ಬಂದುಬಿಡುತ್ತಿತ್ತು. ಬರೆದ ನಾಟಕ ಒಂದು, ಆಡುವ ನಾಟಕ ದಿನಕ್ಕೊಂದು. 2019ರಲ್ಲಿ ಅವರು ತೀರಿಕೊಂಡರು, ಲಂಚ ತೀರಿಕೊಳ್ಳಲಿಲ್ಲ. ಇಲ್ಲಿ ನಾನು ನಿಮಗೆ ಸುಳ್ಳು ಭರವಸೆ ಕೊಡಲಾರೆ. ಲಂಚಾವತಾರ ನೋಡಿ ಹೊಟ್ಟೆ ತುಂಬ ನಕ್ಕ ಗುಮಾಸ್ತ ಮರುದಿನ ಬೆಳಿಗ್ಗೆ ಮೇಜಿನ ಕೆಳಗೆ ಕೈ ಚಾಚಲಿಲ್ಲವೇ? ಚಾಚಿದ. ನಕ್ಕು ಹಗುರಾಗಿ ಮನೆಗೆ ಹೋದರೆ ವಿಡಂಬನೆ ಬರಿಯ ಜೀರ್ಣದ ಮಾತ್ರೆ. ಅದಕ್ಕೇ ಮೇಷ್ಟರು ಬ್ಯಾಂಕಿಗೆ ಹೋಗುವಾಗ ಚೀಲದಲ್ಲಿ ಅರ್ಜಿ ಇಟ್ಟುಕೊಂಡು ಹೋಗಿದ್ದರು. ನಗು ಬಾಗಿಲು ತೆಗೆಸುತ್ತದೆ. ಒಳಗೆ ಹೋಗಬೇಕಾದದ್ದು ಅರ್ಜಿ.

ರಸ್ತೆಯಲ್ಲಿ ಮೊಸಳೆ, ರಸ್ತೆಯಲ್ಲಿ ಚಂದ್ರ

ಇದೆಲ್ಲ ಹಳೇ ಕಾಲದ ಪುರಾಣ ಎನ್ನುತ್ತೀರಾ? ನಿಮ್ಮ ಕಾಲಕ್ಕೇ ಬರುತ್ತೇನೆ. 2015ರ ಜೂನ್‌ನಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಯ ದೊಡ್ಡ ಗುಂಡಿಯೊಂದರಲ್ಲಿ ಬೆಳಗಾಗುವಷ್ಟರಲ್ಲಿ ಒಂದು ಮೊಸಳೆ ಮಲಗಿತ್ತು. ಕಲಾವಿದ ಬಾದಲ್ ನಂಜುಂಡಸ್ವಾಮಿ ಮಾಡಿದ ಮೊಸಳೆ. ಗುಂಡಿಗೆ ನೀರಿನ ಬಣ್ಣ ಬಳಿದು ಕೆರೆ ಮಾಡಿದ್ದರು. ಜನ ಗಾಡಿ ನಿಲ್ಲಿಸಿ ಫೋಟೋ ಹೊಡೆದುಕೊಂಡರು. ಚಿತ್ರ ದೇಶ ದಾಟಿ ಹೋಯಿತು. ಎಷ್ಟೋ ದಿನದಿಂದ ಯಾರ ಕಣ್ಣಿಗೂ ಬೀಳದಿದ್ದ ಗುಂಡಿ ಆಗಿನ ಮಹಾನಗರ ಪಾಲಿಕೆಯವರ ಕಣ್ಣಿಗೆ ಬಿತ್ತು, ಮುಚ್ಚಿತು.

2019ರ ಸೆಪ್ಟೆಂಬರ್. ದೇಶವೆಲ್ಲ ಚಂದ್ರಯಾನ-2 ಯಾವಾಗ ಇಳಿಯುತ್ತದೆ ಎಂದು ಕಾಯುತ್ತಿತ್ತು. ಇದೇ ಕಲಾವಿದರು ಹೇರೋಹಳ್ಳಿ ಕಡೆಯ ತುಂಗಾನಗರದ ರಸ್ತೆಯಲ್ಲಿ ಒಬ್ಬ ನಟನಿಗೆ ಗಗನಯಾತ್ರಿಯ ಬಿಳಿ ಉಡುಪು ತೊಡಿಸಿ ರಾತ್ರಿ ಹೊತ್ತು ನಡೆಸಿದರು. ನೋಡಿದರೆ ಸಾಕ್ಷಾತ್ ಚಂದ್ರನ ನೆಲ. ಆ ಕುಳಿ, ಆ ದಿಣ್ಣೆ, ಆ ತೇಲುವ ನಡಿಗೆ. ಅಷ್ಟರಲ್ಲಿ ಪಕ್ಕದಲ್ಲಿ ಒಂದು ಆಟೋ ಹಾದುಹೋಗುತ್ತದೆ! ಆಗ ಗೊತ್ತಾಗುತ್ತದೆ, ಇದು ಚಂದ್ರ ಅಲ್ಲ, ನಮ್ಮೂರು. ದೃಶ್ಯ ಊರೆಲ್ಲ ಹರಡಿತು, ರಸ್ತೆ ರಿಪೇರಿಗೆ ಜನ ಬಂದರು.

ಇಲ್ಲಿ ಒಂದು ಬೈಗುಳ ಇದೆಯೇ? ಇಲ್ಲ. ಒಬ್ಬ ಅಧಿಕಾರಿಯ ಹೆಸರು? ಇಲ್ಲ. ಒಂದು ಜಾತಿ, ಒಂದು ಭಾಷೆಯ ಹೀಯಾಳಿಕೆ? ಇಲ್ಲ. ಇದ್ದದ್ದು ಇದ್ದ ಹಾಗೆ ಇರುವ ಒಂದು ಗುಂಡಿ, ಅದರ ಪಕ್ಕ ಒಂದು ಬುದ್ಧಿ. ಗುಂಡಿ ನಿಜವಾಗಿದ್ದುದರಿಂದಲೇ ನಗು ನಾಟಿತು. ಗುಂಡಿಯೇ ಇಲ್ಲದ ಕಡೆ ಮೊಸಳೆ ಇಟ್ಟಿದ್ದರೆ ಅದು ಬರಿಯ ಆಟಿಕೆ. ವಿಡಂಬನೆ ಉತ್ಪ್ರೇಕ್ಷೆ ಮಾಡಬಹುದು, ಸುಳ್ಳು ಹೇಳುವಂತಿಲ್ಲ.

ನಾನು ಕಿತ್ತ ವೈರು

ಈಗ ನನಗೆ ಕಷ್ಟದ ಮಾತು. ನಮ್ಮ ಬಗ್ಗೆ ನಾವು ಆಡಬೇಕಾದ ಮಾತು.

ಒಂದು ವರ್ಷದ ರಾಜ್ಯೋತ್ಸವದಲ್ಲಿ ನಮ್ಮ ಹುಡುಗರು ಒಂದು ಕಿರುನಾಟಕ ಆಡಿದರು. ಬರೆದವನು ಕಾಲೇಜಿನ ಹುಡುಗ, ಇಪ್ಪತ್ತು ವರ್ಷ ಇರಬಹುದು. ನಾಟಕದಲ್ಲಿ ಒಬ್ಬ ಕನ್ನಡದ ಮುಖಂಡ. ಹೆಗಲಲ್ಲಿ ಅರಿಶಿನ ಕುಂಕುಮದ ಶಾಲು, ಕೈಯಲ್ಲಿ ಚಂದಾ ಪುಸ್ತಕ. ಅಂಗಡಿ ಅಂಗಡಿಗೆ ಹೋಗಿ 'ತಾಯಿ ಭುವನೇಶ್ವರಿಗೆ ಐನೂರು' ಎಂದು ರಸೀದಿ ಹರಿಯುತ್ತಾನೆ. ವೇದಿಕೆ ಹತ್ತಿ 'ಕನ್ನಡಕ್ಕಾಗಿ ನನ್ನ ಪ್ರಾಣ ಕೊಡುತ್ತೇನೆ' ಎನ್ನುತ್ತಾನೆ. ಅಷ್ಟರಲ್ಲಿ ಫೋನು ಬರುತ್ತದೆ, ಮಗನ ಕಾನ್ವೆಂಟಿನಿಂದ. ಮುಖಂಡ ಮೂಲೆಗೆ ಹೋಗಿ ಮುರುಕು ಇಂಗ್ಲಿಷಿನಲ್ಲಿ ಗೋಗರೆಯುತ್ತಾನೆ. ಮತ್ತೆ ಮೈಕಿಗೆ ಬಂದು, 'ಪ್ರಾಣ ಕೊಡುತ್ತೇನೆ, ಆದರೆ ಈ ವರ್ಷ ಮಗನ ಅಡ್ಮಿಷನ್ ಇದೆ, ಮುಂದಿನ ವರ್ಷ ಕೊಡುತ್ತೇನೆ.'

ಜನ ಬಿದ್ದು ನಕ್ಕರು. ಮುಂದಿನ ಸಾಲಿನಲ್ಲಿ ಕುಳಿತಿದ್ದ ನಾವು ನಗಲಿಲ್ಲ. ನನ್ನ ಮಗನೂ ಆಗ ಇಂಗ್ಲಿಷ್ ಶಾಲೆಯಲ್ಲೇ ಇದ್ದ. ನಾನೇ ಎದ್ದುಹೋಗಿ ಮೈಕಿನ ವೈರು ಕಿತ್ತೆ. 'ತಾಯಿಗೆ ಅವಮಾನ' ಎಂದು ಕೂಗಿದೆ. ಅವಮಾನ ಆದದ್ದು ತಾಯಿಗಲ್ಲ, ನನಗೆ. ಅದು ಗೊತ್ತಾಗಲು ನನಗೆ ವರ್ಷಗಳೇ ಬೇಕಾದವು. ಆ ಹುಡುಗ ಮತ್ತೆ ನಮ್ಮ ಕಡೆ ತಲೆ ಹಾಕಲಿಲ್ಲ. ಈಗ ಒಳ್ಳೆಯ ಹಾಸ್ಯ ಬರೆಯುತ್ತಾನೆ ಎಂದು ಕೇಳಿದ್ದೇನೆ, ಇಂಗ್ಲಿಷಿನಲ್ಲಿ. ಕನ್ನಡಕ್ಕೆ ಬರಬೇಕಾಗಿದ್ದ ಒಬ್ಬ ಬೀಚಿಯನ್ನು ನಾನು ಒಂದು ವೈರು ಕಿತ್ತು ಓಡಿಸಿದೆ. ಬೀಚಿಯನ್ನು ಕನ್ನಡಕ್ಕೆ ಕರೆತಂದದ್ದು ಚಳವಳಿಯ ಅನಕೃ. ಇವನನ್ನು ಕಳಿಸಿದ್ದು ಚಳವಳಿಯ ನಾನು. ನನ್ನ ಮೇಲೆ ಇರುವ ಕೇಸುಗಳಲ್ಲಿ ಇದು ಮಾತ್ರ ನಿಜವಾದ ಕೇಸು, ಇದು ಯಾವ ಠಾಣೆಯಲ್ಲೂ ದಾಖಲಾಗಿಲ್ಲ.

ಅದಕ್ಕೇ ಹೇಳುತ್ತೇನೆ, ವಿಡಂಬನೆಯ ಮೊದಲ ಗುರಿ ನಾವೇ ಆಗಬೇಕು. ಅಂಗಡಿಯ ಬೋರ್ಡಿನಲ್ಲಿ ನೂರಕ್ಕೆ 60ರಷ್ಟು ಕನ್ನಡ ಇರಬೇಕೆಂದು 2024ರಲ್ಲಿ ಕಾನೂನು ಬಂತು, ಹೋರಾಡಿಯೇ ತಂದದ್ದು. ನಮ್ಮ ಮನೆಯ ಊಟದ ಮಾತಿನಲ್ಲಿ ನೂರಕ್ಕೆ ಎಷ್ಟು? ಅಳೆಯಲು ಯಾವ ಇನ್ಸ್‌ಪೆಕ್ಟರು ಬರುತ್ತಾನೆ? ನವೆಂಬರ್ ಬಂದರೆ ಕನ್ನಡ, ಡಿಸೆಂಬರ್ ಬಂದರೆ ಕಂಬಳಿ, ಹೀಗೆ ಎರಡನ್ನೂ ಋತುಮಾನಕ್ಕೆ ತಕ್ಕಂತೆ ಹೊದ್ದು ಮಡಚಿ ಇಡುವವರು ನಾವು. ಇದನ್ನು ಬೇರೆಯವರು ಹೇಳಿ ನಗುವ ಮೊದಲು ನಾವೇ ಹೇಳಿಕೊಂಡು ನಕ್ಕರೆ ಮರ್ಯಾದೆ ಉಳಿಯುತ್ತದೆ.

ಕೆಳಗೆ ನೋಡಿ ನಗಬೇಡಿ

ಇನ್ನೊಂದು ರೋಗ ನಮ್ಮಲ್ಲಿ ಹಬ್ಬಿದೆ. ಟಿವಿಯ ನಗೆ ಕಾರ್ಯಕ್ರಮ ನೋಡಿ. ಮನೆಯ ಆಳು ಮಂಡ್ಯದ ಕನ್ನಡ ಮಾತಾಡುತ್ತಾನೆ, ಪೆದ್ದ ಹುಬ್ಬಳ್ಳಿಯ ಕನ್ನಡ ಮಾತಾಡುತ್ತಾನೆ, ಬುದ್ಧಿವಂತ ಬೆಂಗಳೂರಿನ ಕನ್ನಡ ಮಾತಾಡುತ್ತಾನೆ. ಕಪ್ಪು ಬಣ್ಣ, ದಪ್ಪ ಮೈ, ಹೆಂಗಸರ ವೇಷ ತೊಟ್ಟ ಗಂಡಸು, ಇವಿಷ್ಟರಲ್ಲೇ ಎಲ್ಲ ಹಾಸ್ಯ ಮುಗಿಯಿತು. ಕನ್ನಡದ ಒಂದು ನುಡಿಯನ್ನು ಕನ್ನಡಿಗರೇ ನಗೆಪಾಟಲು ಮಾಡುವಾಗ, ಹೊರಗಿನವನು ಬಂದು 'ಕನ್ನಡ್ ಗೊತ್ತಿಲ್ಲ' ಎಂದು ಗೇಲಿ ಮಾಡಿದರೆ ಯಾವ ಬಾಯಿಂದ ಕೇಳುತ್ತೀರಿ?

ನಿಮ್ಮ ಮೊಬೈಲಿನಲ್ಲಿ ಓಡಾಡುವ ನಗೆಚಿತ್ರಗಳನ್ನೂ ನಾನು ನೋಡುತ್ತೇನೆ. ಕೆಲವು ಭಲೇ ಎನ್ನುವಂತಿರುತ್ತವೆ. 2017ರಲ್ಲಿ ನಮ್ಮ ಮೆಟ್ರೋ ನಿಲ್ದಾಣಗಳಲ್ಲಿ ಹಿಂದಿ ಹೇರಿಕೆಯ ವಿರುದ್ಧ ನಿಮ್ಮಂಥ ಹುಡುಗ ಹುಡುಗಿಯರೇ ಮೊಬೈಲು ಹಿಡಿದು ಚಳವಳಿ ಎಬ್ಬಿಸಿದಿರಿ, ಬೋರ್ಡಿನ ಹಿಂದಿ ಹೋಯಿತು. ಅಲ್ಲಿ ಗುರಿ ಸರಿಯಾಗಿತ್ತು: ಹೇರಿದ ಕಚೇರಿ. ಆದರೆ ಕೆಲವು ಚಿತ್ರ ನೋಡಿದರೆ ನಾಚಿಕೆಯಾಗುತ್ತದೆ. ಕಟ್ಟಡದ ಮೇಲೆ ಇಟ್ಟಿಗೆ ಹೊರುವ ಬಿಹಾರದ ಹುಡುಗ, ಪಾನಿಪುರಿ ಗಾಡಿಯವನು, ಹೆರಳು ಕಟ್ಟುವ ಪಾರ್ಲರಿನಲ್ಲಿ ದುಡಿಯುವ ಈಶಾನ್ಯದ ಹುಡುಗಿ, ಇವರ ಮುಖ ಹಾಕಿ ನಗುತ್ತೀರಲ್ಲ, ನಿಮ್ಮ ಮೇಲೆ ಹಿಂದಿ ಹೇರಿದವರು ಇವರೇನು? ಹೇರುವ ಸುತ್ತೋಲೆಗೆ ಸಹಿ ಹಾಕಿದವನು ತಂಪು ಕೋಣೆಯಲ್ಲಿ ಕೂತಿದ್ದಾನೆ. ಅವನಿಗೆ ಕಚಗುಳಿ ಇಡಲು ಧೈರ್ಯ ಬೇಕು. ಗಾಡಿಯವನನ್ನು ಅಣಕಿಸಲು ಏನು ಬೇಕು? ಏನೂ ಬೇಡ. ಏನೂ ಬೇಡದ ಕೆಲಸಕ್ಕೆ ವಿಡಂಬನೆ ಎಂಬ ದೊಡ್ಡ ಹೆಸರೇಕೆ? ಅದು ಲೇವಡಿ.

ನಗುವವರಿಗೆ ನಾಲ್ಕು ಮಾತು

ಬರೆಯುವವರು, ಚಿತ್ರ ಮಾಡುವವರು, ವೇದಿಕೆ ಹತ್ತುವವರು ನಿಮ್ಮಲ್ಲಿ ಇದ್ದೀರಿ. ನಾಲ್ಕು ಮಾತು ಕಟ್ಟಿಕೊಂಡು ಹೋಗಿ.

ಒಂದು, ಗುಂಡಿ ನೋಡಿಕೊಂಡು ಮೊಸಳೆ ಇಡಿ. ಕಡತ ಓದಿ, ಮಾಹಿತಿ ಹಕ್ಕಿನಲ್ಲಿ ಕಾಗದ ಪಡೆಯಿರಿ. 2005ರಿಂದ ಆ ಕಾನೂನು ಇದೆ. ಅಂಕಿ ಸುಳ್ಳಾದರೆ ನಗು ನಿಮ್ಮ ಮೇಲೇ ತಿರುಗುತ್ತದೆ.

ಎರಡು, ಹುದ್ದೆಯನ್ನು ಹಿಡಿಯಿರಿ, ಹುಟ್ಟನ್ನು ಬಿಡಿ. ಮಂತ್ರಿಯ ಮಾತು, ಸಹಿ, ಮೌನ, ಖರ್ಚು ಎಲ್ಲವೂ ನಿಮ್ಮದು. ಅವರ ಜಾತಿ, ಮೈಬಣ್ಣ, ಹೆಂಡತಿ ಮಕ್ಕಳು ನಿಮ್ಮದಲ್ಲ.

ಮೂರು, ಕಾನೂನು ತಿಳಿದುಕೊಳ್ಳಿ. ಅಂತರಜಾಲದಲ್ಲಿ ಬರೆದದ್ದಕ್ಕೆ ಹಿಡಿದು ಒಳಗೆ ಹಾಕುತ್ತಿದ್ದ 66ಎ ಕಲಮನ್ನು ಸುಪ್ರೀಂ ಕೋರ್ಟು 2015ರ ಮಾರ್ಚ್‌ನಲ್ಲಿ ಹೊಡೆದುಹಾಕಿತು. ಆದರೆ ಮಾನನಷ್ಟ ಇನ್ನೂ ಅಪರಾಧವೇ. 2016ರಲ್ಲಿ ಅದೇ ಕೋರ್ಟು ಅದನ್ನು ಉಳಿಸಿತು, ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲೂ ಅದು ಇದೆ. ಭಯಪಡಲು ಹೇಳುತ್ತಿಲ್ಲ, ದಾಖಲೆ ಜೋಪಾನವಾಗಿ ಇಟ್ಟುಕೊಳ್ಳಿ ಎನ್ನುತ್ತಿದ್ದೇನೆ. ಅಕ್ಷರಕ್ಕೆ ಕೋರ್ಟಿನಲ್ಲಿ ಉತ್ತರ ಕೊಡಬಹುದು. ಕೋರ್ಟಿಗೂ ಕಾಯದವರು ಈ ನಾಡಿನಲ್ಲಿ ಇದ್ದಾರೆ. ತಂದೆ ಲಂಕೇಶರ ದಾರಿಯಲ್ಲೇ ಪತ್ರಿಕೆ ನಡೆಸಿದ ಗೌರಿಯನ್ನು 2017ರ ಸೆಪ್ಟೆಂಬರ್ 5ರ ರಾತ್ರಿ ಇದೇ ಬೆಂಗಳೂರಿನಲ್ಲಿ, ಅವರ ಮನೆಯ ಬಾಗಿಲಲ್ಲೇ ಕೊಂದರು. ಅವರ ಎಲ್ಲ ಮಾತನ್ನೂ ನೀವು ಒಪ್ಪಬೇಕಾಗಿಲ್ಲ. ಅಕ್ಷರಕ್ಕೆ ಉತ್ತರ ಅಕ್ಷರವೇ ಹೊರತು ಗುಂಡು ಅಲ್ಲ ಎಂಬುದನ್ನು ಮಾತ್ರ ಒಪ್ಪದೆ ಇರುವಂತಿಲ್ಲ.

ನಾಲ್ಕು, ನಿಮ್ಮನ್ನು ಯಾರಾದರೂ ನಗಾಡಿದರೆ ವೈರು ಕೀಳಬೇಡಿ. ಮೈಕು ಹಿಡಿದು ಅವನಿಗಿಂತ ಚೆನ್ನಾಗಿ ಉತ್ತರ ಕೊಡಿ. ಉತ್ತರ ಹೊಳೆಯದಿದ್ದರೆ ಕೂತು ಕೇಳಿ. ಅವನು ಹೇಳಿದ್ದು ನಿಜ ಇರಬಹುದು.

ಗೆಳೆಯರೇ, ಬ್ಯಾಂಕಿನ ಕಿಟಕಿ, ಮೆಟ್ರೋದ ಬೋರ್ಡು, ವಿಧಾನಸೌಧದ ಮೆಟ್ಟಿಲು, ನಮ್ಮದೇ ಸಂಘದ ವೇದಿಕೆ, ಎಲ್ಲ ಕಡೆ ಕಿರೀಟ ಕಟ್ಟಿಕೊಂಡ ರಾಜರು ಕುಣಿಯುತ್ತಿದ್ದಾರೆ. ನಿಮ್ಮ ಮೈಮೇಲೆ ಜರತಾರಿ ಇಲ್ಲ, ಕೈಯಲ್ಲಿ ಕತ್ತಿ ಇಲ್ಲ. ಸಾರಥಿಯ ಮಾತು ಒಂದಿದೆ. ಅದು ಕನ್ನಡದಲ್ಲಿದೆ. ಎದ್ದು ನಿಂತು ಕೇಳಿ: ಯಾರಪ್ಪಾ ನೀನು, ಯಾಕೆ ಬಂದೆ?

ನನ್ನನ್ನೂ ಕೇಳಿ. ಈ ಸಲ ಮೈಕಿನ ವೈರು ನಾನೇ ಹಿಡಿದುಕೊಂಡಿರುತ್ತೇನೆ, ಕಿತ್ತುಬರದ ಹಾಗೆ.